ಗೋಡೆಯೊಳಗಿನ ಕಪಾಟು

ನೂಲಹಾಳ
ಬಿಳಿವರ್ಷದಿಂದೀಚೆಗೆ ನೂರಾ ಹದಿನಾಲ್ಕನೆಯ ವರ್ಷ
ತಂಪುತಿಂಗಳ ನಲವತ್ತೊಂದನೆಯ ದಿನ

ಹಿಂದಿನ ಕಾಲದವರೇ,

ನಲವತ್ತೊಂದನೆಯ ತಾರೀಖು ಕಂಡು ನೀವು ನಗಬಹುದು. ಬಿಸಿಲಿನ ತಿಂಗಳುಗಳನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ನೆಲದಡಿಯ ಮನೆಗಳಲ್ಲಿ ಹೇಗೋ ಕಳೆದುಬಿಡುತ್ತೇವೆ. ಆ ದಿನಗಳೂ ಸೇರಿಕೊಂಡು ಉಳಿದ ತಿಂಗಳುಗಳು ಉದ್ದವಾಗಿವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ; ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಬರೀ ಕೇಳಿ. ನನ್ನ ಹೆಸರು ರಾಚಂಬಿ. ನಮ್ಮಲ್ಲಿ ಕೇರಿಗಳು ಬೆರೆತಂತೆ ಹೆಸರುಗಳೂ ಬೆರೆತುಹೋಗಿವೆ. ನಾನು ಈ ಊರಿನ ಶಾಲೆಯ ಪುಸ್ತಕದ ಅಕ್ಕೋರು, ಎಂದರೆ ನಿಮ್ಮ ಮಾತಿನಲ್ಲಿ ಗ್ರಂಥಪಾಲಕಿ. ಈ ಪತ್ರ ನಿಮ್ಮನ್ನು ಹೇಗೆ ತಲುಪುತ್ತದೋ ನನಗೆ ತಿಳಿಯದು, ಆದರೆ ಬರೆಯದೆ ಇರಲಾರೆ.

ಮೊದಲು ನಮ್ಮ ಊರಿನ ವಿಷಯ ಹೇಳುತ್ತೇನೆ. ನಾವು ನೇಕಾರರು. ನಿಮ್ಮ ಕಾಲದಲ್ಲಿ ಇಲ್ಲಿ ಸೀರೆ, ಕುಪ್ಪಸದ ಖಣ ನೇಯುತ್ತಿದ್ದರಂತೆ. ನಾವು ನೇಯುವುದು ನೆರಳುಪಟ್ಟಿ, ಎಂದರೆ ಬೀದಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಎಳೆದು ಕಟ್ಟುವ ಅಗಲ ಬಟ್ಟೆ. ಅದರ ಕೆಳಗೇ ನಮ್ಮ ಸಂತೆ, ಶಾಲೆ, ಮದುವೆ ಎಲ್ಲ ನಡೆಯುತ್ತವೆ. ಪ್ರತಿ ಮನೆಯಲ್ಲೂ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಒಂದು ಕುಣಿಮಗ್ಗವಿದೆ, ಒಂದು ಬಾಯಿಪುಸ್ತಕವಿದೆ. ಬಾಯಿಪುಸ್ತಕವೆಂದರೆ ಆ ಮನೆಯವರು ತಲೆಮಾರುಗಳಿಂದ ಬಾಯಲ್ಲಿ ಇಟ್ಟುಕೊಂಡು ಬಂದ ಪುಸ್ತಕ. ಒಬ್ಬರ ಮನೆಯಲ್ಲಿ ಬಣ್ಣ ಕಟ್ಟುವ ವಿದ್ಯೆ, ಇನ್ನೊಬ್ಬರಲ್ಲಿ ಬಾಣಂತಿ ಆರೈಕೆ, ಮತ್ತೊಬ್ಬರಲ್ಲಿ ನಕ್ಷತ್ರಗಳು. ಹೇಳುವಾಗ ಪ್ರತಿ ಸಾಲಿನ ನಡುವೆ ಒಂದು ಸಣ್ಣ ತಡೆ ಬರುತ್ತದೆ. ಅದಕ್ಕೆ ಲಾಳಿತಡೆ ಎನ್ನುತ್ತೇವೆ. ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆ ಹಾರುವಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಮಾತು ಹೇಳಬೇಕು. ನಿಮ್ಮ ಕಂಪ್ಯೂಟರು, ಫೋನುಗಳ ಪರದೆಗಳೆಲ್ಲ ಒಮ್ಮೆಲೇ ಬೆಳ್ಳಗಾಗಿ, ಅವುಗಳಲ್ಲಿ ಕೂಡಿಟ್ಟಿದ್ದೆಲ್ಲ ಅಳಿಸಿಹೋದ ಆ ಬಿಳಿವರ್ಷದಲ್ಲಿ, ದೂರದ ಊರುಗಳಿಂದ ಜನ ನಡೆದು ಬಂದದ್ದು ನಮ್ಮ ಮಗ್ಗದ ಬದಿಗೆ. ಕೂತು ಕೇಳಿದರು, ಕಲಿತು ಹೋದರು. ನಾವು ಬದುಕಿದೆವು, ನಾಲ್ಕು ಊರುಗಳನ್ನೂ ಬದುಕಿಸಿದೆವು.

ಇದು ಬನವ್ವ ಅಕ್ಕೋರು ಹಾಕಿಕೊಟ್ಟ ರೂಢಿ. ಅವರು ನಿಮ್ಮ ಕಾಲದವರು. ಈಗ ಈ ಸಾಲು ಓದುತ್ತಿರುವ ನೀವು ಅವರನ್ನು ಬೀದಿಯಲ್ಲಿ ಕಂಡಿರಲೂಬಹುದು, ಗುರುತಿಸದೆ ದಾಟಿರಲೂಬಹುದು. ನೇಕಾರನ ಮಗಳು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಕೈಕಾಲಿಗೆ ಪುರುಸೊತ್ತೂ ಇರಲಿಲ್ಲ. ಕಿವಿ ಮಾತ್ರ ಖಾಲಿ ಇತ್ತು. ಚಿಕ್ಕಂದಿನಲ್ಲಿ ಅವನ ಮಗ್ಗದ ಪಕ್ಕ ಕೂತು, ಲಾಳಿಯ ಸದ್ದಿಗೆ ಬಿಡುವು ಕೊಟ್ಟು ಕೊಟ್ಟು ಓದಿ ಹೇಳುತ್ತಿದ್ದರಂತೆ. ಮುಂದೆ ಅದೇ ಊರಿನ ಶಾಲೆಯ ಗ್ರಂಥಾಲಯಕ್ಕೆ ನೇಮಕವಾದಾಗ ಅಲ್ಲಿದ್ದದ್ದು ಎರಡು ಕಪಾಟು, ಎರಡಕ್ಕೂ ಬೀಗ. ಒಂದರ ಬೀಗವನ್ನು ಹಟ ಹಿಡಿದು ತೆಗೆಸಿದರು. ಪುಸ್ತಕ ಹಿಂತಿರುಗಿಸಲು ಬಂದ ಮಕ್ಕಳನ್ನು ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಯಾರ ಮುಂದ ಓದಿ ಬಂದಿ, ಹೇಳು. ಯಾರ ಮುಂದೂ ಓದಿಲ್ಲಂದ್ರ ಅದು ಇನ್ನಾ ಓದಿದಂಗಲ್ಲ." ಮನೆಯ ಮಗ್ಗದ ಮುಂದೆ ಓದಿದವರಿಗಷ್ಟೇ ಮುಂದಿನ ಪುಸ್ತಕ. ಪುಸ್ತಕಗಳು ಎಣ್ಣೆ ಕುಡಿದವು, ಬಣ್ಣ ಮೆತ್ತಿಕೊಂಡವು, ಹರಿದವು. ಮೇಲಿನವರು ಬೈದರು. ಅಕ್ಕೋರು ಬೈಸಿಕೊಂಡು, ಮೈದಾ ಅಂಟು ಕಲಸಿ, ಹರಿದದ್ದನ್ನು ಅಂಟಿಸುತ್ತ ಕೂತರು. ನಿವೃತ್ತಿಯ ಮರುದಿನವೂ ಎಂದಿನಂತೆ ಶಾಲೆಗೆ ಬಂದರು. ಹಿಂದಿನ ದಿನ ಹಾರ ಹಾಕಿ ಕಳಿಸಿದವರಿಗೇ ಮುಜುಗರ. ಗ್ರಂಥಾಲಯದ ಕೋಣೆ ಪರದೆಗಳ ಪಾಲಾದಾಗ ಹರಕು ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮಗ್ಗದಿಂದ ಮಗ್ಗಕ್ಕೆ ತಿರುಗಿದರು. ತೊಂಬತ್ತು ದಾಟಿ ಕಣ್ಣು ಪೂರ್ತಿ ಹೋದ ಮೇಲೆ, ಅವರಿಂದ ಓದು ಕಲಿತವರು ಮುದುಕರಾಗಿ ಬಂದು ಅವರಿಗೆ ಓದಿ ಹೇಳಿದರು.

ನನ್ನ ಮನೆಯ ಬಾಯಿಪುಸ್ತಕ ಒಂದು ಕಥೆ. ಕಳೆದುಹೋದ ಅಣ್ಣನನ್ನು ಹುಡುಕಿ ಹೊರಟ ಹುಡುಗಿ ಕೊನೆಗೆ ಹೊಳೆಯಾಚೆಯ ಮನೆಗೆ ಬಂದು ಕದ ಬಡಿಯುತ್ತಾಳೆ. "ಒಳಗಿನಿಂದ ಯಾರೋ ಅಗಳಿ ತೆಗೆದರು. ಎದುರಿಗೆ ನಿಂತಿದ್ದವರು" ಎಂಬಲ್ಲಿಗೆ ನಿಲ್ಲುತ್ತದೆ. ಮುಂದಿನ ಹಾಳೆಗಳನ್ನು ಗೆದ್ದಲು ತಿಂದಿತ್ತು. ಅದು ಬನವ್ವ ಅಕ್ಕೋರು ತಮ್ಮ ಅಪ್ಪನಿಗೆ ಓದಿ ಹೇಳಿದ ಮೊದಲ ಪುಸ್ತಕ. ಇನ್ನೊಂದು ಪ್ರತಿ, ಪೂರ್ತಿ ಇರುವುದು, ಎರಡನೆಯ ಕಪಾಟಿನಲ್ಲಿತ್ತಂತೆ. ಸರ್ವೀಸಿನ ಉದ್ದಕ್ಕೂ ಪ್ರತಿ ಜೂನ್ ತಿಂಗಳು ಶಾಲೆ ತೆರೆದಾಗ ಅವರು ಅದರ ಬೀಗದ ಕೈ ಕೇಳಿದರು. ಪ್ರತಿ ಸಲವೂ ಹೆಡ್‌ಮಾಸ್ತರರು ಒಂದೇ ಉತ್ತರ ಕೊಟ್ಟರು: "ಹುಡುಗ್ರು ಕೆಡಸ್ತಾವ, ಒಳಗs ಇರ್ಲಿ." ಸಾಯುವ ವಾರ ನನ್ನ ಮುತ್ತಜ್ಜಿಯ ಅಜ್ಜಿಯ ಕೈ ಹಿಡಿದು ಅಕ್ಕೋರು ಕೇಳಿದ್ದು, "ಕದಾ ತಗದಾವ್ರು ಯಾರವ್ವಾ?" ಎಂದು. ಯಾರಿಗೆ ಗೊತ್ತಿತ್ತು?

ಈಗ ನಮ್ಮ ಪೆದ್ದುತನ ಕೇಳಿ. ಉಳಿದ ನಾಲ್ಕಾರು ಹರಕು ಪುಸ್ತಕಗಳನ್ನು ನಾವು ಇಡುವುದು ಗೋಡೆಗೆ ತೂಗಿದ ಬಟ್ಟೆಯ ಜೋಳಿಗೆಗಳಲ್ಲಿ. ಬೀಗ ಎಂಬುದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಹಾಗಾಗಿ ಅಕ್ಕೋರ ಕಥೆಯಲ್ಲಿ ಬರುವ ಕಪಾಟು ಒಂದು ರಾಕ್ಷಸ ಎಂದೇ ನಾವು ತಿಳಿದಿದ್ದೆವು! ಹೊಟ್ಟೆ ತುಂಬ ಪುಸ್ತಕ ನುಂಗಿ ಬಾಯಿ ಬಿಗಿದುಕೊಂಡ ರಾಕ್ಷಸ. "ಕಪಾಟು ಬಂತ ನೋಡು, ಲಗೂನ ಉಣ್ಣು" ಎಂದು ಹೆದರಿಸಿಯೇ ನನ್ನವ್ವ ನನಗೆ ಉಣಿಸಿದ್ದಾಳೆ. ಮಕ್ಕಳ ಆಟದಲ್ಲಿ ಕಪಾಟಾದವರು ದನಿ ದಪ್ಪ ಮಾಡಿ, "ಹುಡುಗ್ರು ಕೆಡಸ್ತಾವ, ಒಳಗs ಇರ್ಲಿ!" ಎನ್ನಬೇಕು. ಉಳಿದವರು ಕಿರುಚಿ ಓಡಬೇಕು.

ಮೂರು ದಿನದ ಹಿಂದೆ ನೀರಿನ ತೊಟ್ಟಿಗೆ ಕಲ್ಲು ಬೇಕೆಂದು ಹಳೆಯ ಶಾಲೆಯ ಗೋಡೆ ಒಡೆಸುತ್ತಿದ್ದೆವು. ಒಡೆಯುತ್ತಿದ್ದವರ ಮುಂದಾಳು ಹುಸೇನವ್ವ ನನ್ನನ್ನು ಕೂಗಿ ಕರೆದಳು. ಗೋಡೆಯ ಹಿಂದೆ ಇನ್ನೊಂದು ಗೋಡೆ, ನಡುವೆ ಕಬ್ಬಿಣದ ಒಂದು ಆಳೆತ್ತರದ ಪೆಟ್ಟಿಗೆ. ಅದರ ಬಾಗಿಲಿಗೆ ತುಕ್ಕು ಹಿಡಿದ ಗುಂಡು ತೂಗುತ್ತಿತ್ತು. "ಅಕ್ಕೋರ, ಇದರಾಗ ಹುಲಿಗಿಲಿ ಕೂಡಿಹಾಕಿದ್ರೇನ್ರೀ?" ಎಂದಳು. ನಾನು ಧೂಳು ಒರೆಸಿ, ಮೇಲೆ ಬಣ್ಣದಲ್ಲಿ ಬರೆದದ್ದನ್ನು ಜೋರಾಗಿ ಓದಿದೆ: ಗ್ರಂಥಾಲಯ, ಕಪಾಟು ಎರಡು. ಅರ್ಧ ಜನ ಗುದ್ದಲಿ ಬಿಟ್ಟು ಓಡಿದರು. ನಾನು ಅಲ್ಲೇ ನಿಂತು ಅದನ್ನು ಇನ್ನೊಮ್ಮೆ ಓದಿದೆ.

ಪರದೆಯ ಕೋಣೆ ಕಟ್ಟುವಾಗ ಬೀಗದ ಕೈ ಕಳೆದಿರಬೇಕು. ಬೀಗ ಒಡೆಯುವುದರ ಬದಲು ನೀವು ಕಪಾಟಿನ ಮುಂದೆ ಗೋಡೆಯನ್ನೇ ಕಟ್ಟಿ, ಸುಣ್ಣ ಬಳಿದಿರಿ! ಇದನ್ನು ಎಷ್ಟು ಸಲ ನೆನೆದರೂ ನನಗೆ ನಂಬಿಕೆ ಬರುತ್ತಿಲ್ಲ. ಆ ತುಕ್ಕಿನ ಗುಂಡೇ ಬೀಗ; ಒಂದು ಕಲ್ಲೇಟಿಗೆ ಬಿತ್ತು. ಒಳಗೆ ಪುಸ್ತಕಗಳು, ಒಣಗಿ ಅರಿಶಿನಬಣ್ಣಕ್ಕೆ ತಿರುಗಿದ್ದರೂ ಒಂದೂ ಹರಿದಿರಲಿಲ್ಲ. ಎಷ್ಟೋ ಹಾಳೆಗಳು ಅಂಚಿನಲ್ಲಿ ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಯಾರೂ ಬಿಡಿಸಿಯೇ ಇರಲಿಲ್ಲ. ಯಾವ ಪುಟದಲ್ಲೂ ಎಣ್ಣೆಯ ಕಲೆಯಿಲ್ಲ, ಬಣ್ಣದ ಬೆರಳಿಲ್ಲ. ನಡುವಿನ ಅರೆಯಲ್ಲಿ ನನ್ನ ಮನೆಯ ಕಥೆ ಇತ್ತು. ಕೈಗೆತ್ತಿಕೊಂಡೆ. ಬಲಗಡೆ, ನಾವು ಯಾರೂ ಕೇಳದ ಹಾಳೆಗಳ ದಪ್ಪ ಬೆರಳಿಗೆ ಹತ್ತಿತು. ಮುಖಪುಟವನ್ನು ಸ್ವಲ್ಪ ಬಾಗಿಸಿದೆನಷ್ಟೆ, ಮೂಲೆ ಹಪ್ಪಳದ ಹಾಗೆ ಮುರಿದು ಬಿತ್ತು. ಅಷ್ಟರಲ್ಲಿ ಓಡಿಹೋದವರೂ ಮಕ್ಕಳೂ ತಿರುಗಿ ಬಂದು ಸುತ್ತ ಮುತ್ತಿದರು, ಕೈ ಚಾಚಿದರು. ಪುಸ್ತಕವನ್ನು ಎದೆಗವುಚಿಕೊಂಡು ನಾನು ಕೂಗಿದೆ: "ಯಾರೂ ಮುಟ್ಟಬ್ಯಾಡ್ರಿ! ಹುಡುಗ್ರು ಕೆಡಸ್ತಾವ, ಒಳಗs ಇರ್ಲಿ!"

ಮಕ್ಕಳು ಮೊದಲು ನಕ್ಕರು, ಆಟವೆಂದುಕೊಂಡು. ನನ್ನ ಮುಖ ನೋಡಿ ಹಿಂದೆ ಸರಿದರು. ಒಂದು ಸಣ್ಣ ಮಗು ಅಳತೊಡಗಿತು. ಹುಸೇನವ್ವ ಮೆಲ್ಲಗೆ ಹೇಳಿದಳು, "ಅಕ್ಕೋರ, ಅದು ಕಪಾಟಿನ ಮಾತಲ್ರೀ?"

ಆ ಗಳಿಗೆಯಲ್ಲಿ ಆದ ಆಘಾತ ಇನ್ನೂ ಇಳಿದಿಲ್ಲ. ನಿಮ್ಮ ಹೆಡ್‌ಮಾಸ್ತರರನ್ನು ನಾನು ಆಯುಷ್ಯವಿಡೀ ರಾಕ್ಷಸನೆಂದು ಬೈದವಳು. ಅವರು ರಾಕ್ಷಸರಾಗಿರಲಿಲ್ಲ. ಪುಸ್ತಕದ ಮೇಲೆ ಪ್ರೀತಿಯಿದ್ದವರೇ ಇರಬೇಕು, ನನ್ನ ಹಾಗೆ. ಊರಸಭೆಯಲ್ಲೂ ಎರಡು ದಿನ ಇದೇ ಜಗಳವಾಯಿತು. ಕಾಗದದ ಪುಸ್ತಕಗಳು ಲೋಕದಲ್ಲಿ ಎಷ್ಟು ಉಳಿದಿವೆಯೋ ಗೊತ್ತಿಲ್ಲ, ಇವನ್ನು ಮತ್ತೆ ಮುಚ್ಚಿಡೋಣ ಎಂದು ಹಿರಿಯರು ಅಂದರು. ಈ ಕಪಾಟಿನ ಒಂದು ಸಾಲೂ ಯಾರ ಬಾಯಲ್ಲೂ ಇಲ್ಲ, ಮೊದಲ ಕಪಾಟಿನ ಹರಿದು ಚಿಂದಿಯಾದ ಪುಸ್ತಕಗಳು ಇಡೀ ಊರಿನ ಬಾಯಲ್ಲಿವೆ ಎಂದು ಹುಸೇನವ್ವ ಅಂದಳು. ಕೊನೆಯ ಮಾತು ಪುಸ್ತಕದ ಅಕ್ಕೋರದ್ದು ಎಂದು ನನ್ನ ಕಡೆ ನೋಡಿದರು. ನಾನು ಓದುತ್ತೇನೆ ಎಂದೆ.

ಇವತ್ತು ಸಂಜೆ, ನೆರಳುಪಟ್ಟಿಯ ಕೆಳಗೆ, ನನ್ನ ಮಗ್ಗದ ಬದಿಗೆ. ತಿರುಗಿಸಿದ ಹಾಳೆ ಮುರಿಯುತ್ತದೆ. ಹಾಗಾಗಿ ಪ್ರತಿ ಪುಟವನ್ನು ಓದುವುದು ಒಂದೇ ಸಲ. ಒಂದೊಂದು ಸಾಲಿನಲ್ಲಿ ಕೂತವರು ಒಂದೊಂದು ಪುಟವನ್ನು ಕಿವಿಯಲ್ಲಿ ಹಿಡಿಯಬೇಕು. ಊರೆಲ್ಲ ಈಗಲೇ ಬಂದು ಕೂತಿದೆ. ನನಗೆ ಹೆದರಿಕೆಯಾಗುತ್ತಿದೆ. ಖುಷಿಯೂ ಆಗುತ್ತಿದೆ.

ಆದರೆ ಬನವ್ವ ಅಕ್ಕೋರು ಇಲ್ಲ. ಮಗ್ಗದ ಪಕ್ಕ ಅವರು ಕೂರಬೇಕಿದ್ದ ಖಾಲಿ ಜಾಗ ನೋಡಿಯೇ ಈ ಪತ್ರ ಬರೆಯಲು ಕೂತೆ. ನಿಮ್ಮ ವರ್ಷದಲ್ಲಿ ಆ ಗೋಡೆ ಇನ್ನೂ ಎದ್ದಿಲ್ಲ. ಬನವ್ವ ಅಕ್ಕೋರಿಗೆ ಇನ್ನೂ ನಿವೃತ್ತಿಯಾಗಿಲ್ಲ, ಕಣ್ಣು ಚೆನ್ನಾಗಿವೆ. ಬರುವ ಜೂನ್‌ನಲ್ಲಿ ಮತ್ತೊಮ್ಮೆ ಬೀಗದ ಕೈ ಕೇಳಲು ಬರುತ್ತಾರೆ. ದಯವಿಟ್ಟು ಕೊಟ್ಟುಬಿಡಿ. ಕೈ ಸಿಗದಿದ್ದರೆ ಬೀಗ ಒಡೆಯಿರಿ, ಒಂದು ಕಲ್ಲು ಸಾಕು. ಆಗ ನಮಗೆ ಗೋಡೆಯೊಳಗೆ ಯಾವ ಕಪಾಟೂ ಸಿಗುವುದಿಲ್ಲ, ಇವತ್ತಿನ ಸಂಜೆ ಬರುವುದಿಲ್ಲ, ಈ ಪತ್ರವೂ ಇರುವುದಿಲ್ಲ. ಇರದಿದ್ದರೆ ಇರದಿರಲಿ. ಕದ ತೆಗೆದವರು ಯಾರೆಂದು ನಮಗಿಂತ ಮೊದಲು ಅವರಿಗೆ ಗೊತ್ತಾಗಲಿ.

ನಿಮ್ಮ ಮುಂದಿನವಳು,
ರಾಚಂಬಿ