ಗದ್ದೆ ಒಂದು ತಾಲೂಕಿಗೆ, ಗುಡ್ಡ ಇನ್ನೊಂದಕ್ಕೆ

ನಕ್ಷೆಯ ಮೇಲೆ ಗೆರೆ ಎಳೆಯುವ ಅಧಿಕಾರವುಳ್ಳ ಮಾನ್ಯರೇ,

ನಮ್ಮೂರಿನ ಕೂಸಪ್ಪನ ಗದ್ದೆ ಒಂದು ತಾಲೂಕಿನಲ್ಲಿದೆ, ಆ ಗದ್ದೆಗೆ ಸೊಪ್ಪು ಕೊಡುವ ಗುಡ್ಡ ಇನ್ನೊಂದು ತಾಲೂಕಿನಲ್ಲಿದೆ. ನಡುವೆ ಇರುವುದು ಬೇಸಿಗೆಯಲ್ಲಿ ಪಾದವೂ ಮುಳುಗದ ಒಂದು ತೋಡು. ಈ ತೋಡು ದಾಟಿ ಸೊಪ್ಪು ಕಡಿದದ್ದಕ್ಕೆ ಅವನ ಹೆಂಡತಿ ಅಮ್ಮಣಿ ಸರಕಾರದ ಕಾಗದದಲ್ಲಿ ಕಳ್ಳಿಯಾಗಿದ್ದಾಳೆ. ಈ ಗಡಿಯನ್ನು ಸರಿಪಡಿಸಿ ಎಂದು ನಾಲ್ಕು ವರ್ಷ ತಮಗೊಬ್ಬರಿಗೇ ಕಾಣುವಂತೆ ಬರೆದೆ. ಉತ್ತರವಿಲ್ಲ. ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ತಾವು ಓದುವಿರೆಂಬ ಭರವಸೆ ಈಗಲೂ ನನಗಿಲ್ಲ.

ಹೆಸರು ಬದಲಾಯಿಸುವುದರಲ್ಲಿ ಸರಕಾರಕ್ಕಿರುವ ಉತ್ಸಾಹವನ್ನು ನಾನು ಬಲ್ಲೆ. ವೇಣೂರಿನಿಂದ ಎರಡು ಮೈಲಿ ದೂರದ ಈ ಊರಿಗೆ ಇಪ್ಪತ್ತಾರು ವರ್ಷ ಪಟೇಲನಾಗಿದ್ದವನು ನಾನು. ಜಗಲಿಯಿಂದ ಇಳಿಯದೆಯೇ ಮದ್ರಾಸ್ ಪ್ರೆಸಿಡೆನ್ಸಿಯಿಂದ ಮದ್ರಾಸ್ ರಾಜ್ಯಕ್ಕೆ, ಅಲ್ಲಿಂದ ಮೈಸೂರು ರಾಜ್ಯಕ್ಕೆ ಬಂದು ಸೇರಿದೆ. ನಡುವೆ ತಾಲೂಕೂ ಬದಲಾಯಿತು. ಪ್ರತಿ ಸಲ ಹೊಸ ಮೊಹರು ಬಂತು, ಹಳೆಯದನ್ನು ಒಪ್ಪಿಸಿ ರಶೀದಿ ಪಡೆದೆ. ಕನ್ನಡದವರೆಲ್ಲ ಒಂದೇ ರಾಜ್ಯವಾದ ದಿನ ಮೂಡಬಿದ್ರೆಯಲ್ಲಿ ಹಂಚಿದ ಲಡ್ಡನ್ನು ಸಂತೋಷದಿಂದಲೇ ತಿಂದೆ. ಆ ದೊಡ್ಡ ಗೆರೆಗಳಿಗೆ ಭಾಷಣವಿತ್ತು, ಬಾವುಟವಿತ್ತು. ಅದಕ್ಕೂ ಮೊದಲು ನಮ್ಮ ತೋಡಿನ ಮೇಲೆ ಹಾದುಹೋದ ಸಣ್ಣ ಗೆರೆಗೆ ಏನೂ ಇರಲಿಲ್ಲ, ಆದ್ದರಿಂದ ಯಾರೂ ಗಮನಿಸಲಿಲ್ಲ.

ಕುಮ್ಕಿ ಎಂದರೇನೆಂದು ತಮಗೆ ಹೇಳಿಕೊಡುವ ಉದ್ಧಟತನವನ್ನು ಮನ್ನಿಸಬೇಕು. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಗುಮಾಸ್ತರೊಬ್ಬರು ಅದು ಯಾವ ಊರು ಎಂದು ನನ್ನನ್ನು ಕೇಳಿದ್ದರಿಂದ ಹೇಳಬೇಕಾಗಿದೆ. ನಮ್ಮ ಜಿಲ್ಲೆಯಲ್ಲಿ ಹಳೆಯ ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಗುಡ್ಡದಲ್ಲಿ ಆ ಜಮೀನಿನವನು ಸೊಪ್ಪು, ಸೌದೆ ಕಡಿಯಬಹುದು. ಗುಡ್ಡ ಅವನದ್ದಲ್ಲ, ಸೊಪ್ಪು ಅವನದ್ದು. ಅದು ಹಟ್ಟಿಗೆ ಬಿದ್ದು, ದನ ತುಳಿದು, ಗೊಬ್ಬರವಾಗಿ ಗದ್ದೆಗೆ ಹೋದರೆ ಮಾತ್ರ ಈ ಮಣ್ಣಿನಲ್ಲಿ ಮಳೆಗಾಲದ ಬೆಳೆ ಬರುವುದು. ಈಗ ಹೊಸ ತಾಲೂಕಿನ ಕಚೇರಿ ಹೇಳುತ್ತದೆ: ಜಮೀನು ನಮ್ಮದು, ಆದರೆ ಅಂಥ ಗುಡ್ಡ ನಮ್ಮ ನಕ್ಷೆಯಲ್ಲಿಲ್ಲ. ಹಳೆಯ ತಾಲೂಕಿನ ಕಚೇರಿ ಹೇಳುತ್ತದೆ: ಗುಡ್ಡ ನಮ್ಮದು, ಆದರೆ ಅಂಥ ಜಮೀನು ನಮ್ಮ ಪುಸ್ತಕದಲ್ಲಿಲ್ಲ. ಎರಡೂ ನಿಜವೇ. ಹಾಗಾದರೆ ಕೂಸಪ್ಪ ಸೊಪ್ಪಿಗೆ ಎಲ್ಲಿಗೆ ಹೋಗಬೇಕು, ಬಿ.ಸಿ.ರೋಡಿನ ಪೇಟೆಗೋ? ಒಂದು ಕಚೇರಿಗೆ ಬಸ್ಸು, ಇನ್ನೊಂದಕ್ಕೆ ಎರಡು ಬಸ್ಸು ಹಿಡಿದು ನಾನೂ ಅವನೂ ತಿರುಗಿದ್ದು ಎಷ್ಟು ಸಲವೋ ಮರೆತುಹೋಗಿದೆ.

ಹೋದ ವರ್ಷ ಮಳೆಗೆ ಮುಂಚೆ ಅಮ್ಮಣಿ ಎಂದಿನಂತೆ ಗುಡ್ಡ ಹತ್ತಿದಳು. ಹೊಸದಾಗಿ ಬಂದಿದ್ದ ಅರಣ್ಯದ ಗಾರ್ಡು ಅವಳ ತಲೆಯ ಮೇಲಿನ ಸೊಪ್ಪಿನ ಕಟ್ಟನ್ನು ಇಳಿಸಿ, ಕತ್ತಿ ಕಿತ್ತುಕೊಂಡು ಕೇಸು ಬರೆದ. ಕೋರ್ಟಿನಲ್ಲಿ, ಕಡಿದದ್ದು ಹೌದೇ ಎಂದು ಕೇಳಿದರು. ಸುಳ್ಳು ಹೇಳಲು ಅವಳಿಗೆ ಕಾರಣವೇ ಕಾಣಲಿಲ್ಲ.

"ಹೌದು. ಮದುವೆಯಾಗಿ ಬಂದ ಮೇಲೆ ಮೂವತ್ತು ವರ್ಷದಿಂದ ಕಡಿಯುತ್ತಾ ಇದ್ದೇನೆ" ಎಂದಳು, ತುಳುವಿನಲ್ಲಿ.

ಅದನ್ನು ಮೂವತ್ತು ವರ್ಷಗಳ ಕಳವಿನ ತಪ್ಪೊಪ್ಪಿಗೆಯೆಂದು ಬರೆದುಕೊಂಡರು. ದಂಡ ಕಟ್ಟಿ ಹೊರಗೆ ಬಂದವಳು ಅಂದಿನಿಂದ ವೇಣೂರಿನ ಪೇಟೆಗೆ ಕಾಲಿಟ್ಟಿಲ್ಲ. ಸೊಪ್ಪಿಲ್ಲದ ಗದ್ದೆಯಲ್ಲಿ ಪೈರು ಮೊಣಕಾಲಿನೆತ್ತರಕ್ಕೆ ಹಳದಿಯಾಗಿ ನಿಂತಿತು. ದನಗಳಿಗೆ ಬೈಹುಲ್ಲೂ ಸಾಲದೆ ಉಳುವ ಕೋಣಗಳನ್ನು ಕೂಸಪ್ಪ ಮಾರಿದ.

ಇನ್ನು ತಮ್ಮ ಕಡತದಲ್ಲಿ ಇಲ್ಲದ ಸಂಗತಿ. ತೋಡು "ನೈಸರ್ಗಿಕ ಗಡಿ" ಎಂದು ಅಲ್ಲಿ ಬರೆದಿದೆಯಂತೆ. ನಿಸರ್ಗವನ್ನು ದೂರಬೇಡಿ, ಅದನ್ನು ತೋರಿಸಿದವನು ನಾನು. ಒಂಬತ್ತು ವರ್ಷಗಳ ಹಿಂದೆ ಅಳತೆಯವರು ಬಂದಾಗ ಮಧ್ಯಾಹ್ನದ ಸುಡುಬಿಸಿಲು. ಗಡಿಯನ್ನು ಗುಡ್ಡದ ನೆತ್ತಿಯಲ್ಲಿ ಇಡಬೇಕೋ, ಕೆಳಗೆ ತೋಡಿನಲ್ಲೋ ಎಂದು ಅಧಿಕಾರಿ ಪಟೇಲನನ್ನು ಕೇಳಿದರು. ನೆತ್ತಿಯೆಂದರೆ ಹತ್ತಬೇಕು, ಕಲ್ಲು ಹೊರಿಸಬೇಕು. ನನ್ನ ಮೊಣಕಾಲು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. ತೋಡೇ ಸಾಕು ಎಂದುಬಿಟ್ಟೆ. ಕೂಸಪ್ಪನ ಕುಮ್ಕಿ ಆಚೆಗಿರುವುದು ನನಗೆ ನೆನಪಿರಲಿಲ್ಲವೆಂದಲ್ಲ, ನೆನಪಿತ್ತು. ಕಾಗದದ ಗೆರೆ ಕಾಗದದಲ್ಲಿರುತ್ತದೆ, ಸೊಪ್ಪು ಕಡಿಯುವವರನ್ನು ಯಾರು ತಡೆಯುತ್ತಾರೆ ಎಂದುಕೊಂಡೆ. ಇಪ್ಪತ್ತಾರು ವರ್ಷ ಸರಕಾರದ ಕೆಲಸ ಮಾಡಿಯೂ ಸರಕಾರವನ್ನು ಅರಿಯದ ಮುಠ್ಠಾಳ ನಾನು.

ಹೋದ ಸೋಮವಾರ ಕೂಸಪ್ಪ ನಮ್ಮ ಜಗಲಿಗೆ ಬಂದು ಒಂದು ಅರ್ಜಿ ಬರೆದುಕೊಡಬೇಕು ಎಂದ. ಗುಡ್ಡಕ್ಕಾಗಿ ಅಲ್ಲ, ಗದ್ದೆಯನ್ನು ಸರಕಾರಕ್ಕೆ ಬಿಟ್ಟುಕೊಡುವ ರಾಜೀನಾಮೆ. ಅವನ ಭಾವ ಶೀನಪ್ಪನ ಹೋಟೆಲು ಬಂಟ್ವಾಳದಲ್ಲಿದೆ, ಗಂಡ ಹೆಂಡತಿ ಇಬ್ಬರಿಗೂ ಅಲ್ಲಿ ಅರೆಯುವ, ತೊಳೆಯುವ ಕೆಲಸ ಉಂಟಂತೆ. ಐವತ್ತೈದು ದಾಟಿದವನು ಇದನ್ನು ಹೇಳುವಾಗ ನನಗೆ ತಡೆಯಲಾಗಲಿಲ್ಲ. ತೋಡನ್ನು ತೋರಿಸಿದವನು ನಾನೇ ಎಂದು ಹೇಳಿಬಿಟ್ಟೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆಯೆತ್ತಲಿಲ್ಲ.

"ಗೊತ್ತುಂಟು ಪಟೇಲರೇ. ಅವತ್ತು ಅಳತೆಯ ಸರಪಳಿಯ ಆಚೆ ಕೊನೆ ಹಿಡಿದವ ನಾನೇ ಅಲ್ವಾ? ಗುಡ್ಡ ಹತ್ತುವುದು ಬೇಡ ಅಂತ ನೀವು ಹೇಳಿದಾಗ ನನಗೂ ಖುಷಿಯೇ ಆಗಿತ್ತು."

ಅವನು ನನ್ನನ್ನು ಬೈಯಬೇಕಿತ್ತು. ಬೈಯಲಿಲ್ಲ. ಅರ್ಜಿ ಬರೆದುಕೊಟ್ಟೆ.

ಆದ್ದರಿಂದ ಮಾನ್ಯರೇ, ಗಡಿಯನ್ನು ಗುಡ್ಡದ ನೆತ್ತಿಗೆ ಸರಿಸಿ ಎಂದು ನಾನು ಇನ್ನು ಕೇಳುವುದಿಲ್ಲ. ರಾಜ್ಯವನ್ನೇ ಸರಿಸಬಲ್ಲ ತಮಗೆ ನೂರು ಗಜ ಸರಿಸಲು ಆಗದೆಂದು ಅರ್ಥವಾಗಿದೆ. ನನ್ನ ಬೇಡಿಕೆ ಇಷ್ಟೇ. ಈ ರಾಜೀನಾಮೆಯನ್ನು ಆಚೆ ತಾಲೂಕಿಗೆ ಕಳುಹಿಸದೆ, ಈಚೆಗೆ ಮರಳಿಸದೆ, ಮೊದಲು ಕೊಟ್ಟ ಕಡೆಯಲ್ಲೇ ತೆಗೆದುಕೊಳ್ಳಿ. ಅದಕ್ಕೆ ಅಮ್ಮಣಿಯ ಹೆಬ್ಬೆಟ್ಟೂ ಬೇಕಂತೆ. ಅವಳು ಇನ್ನು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಲಾರಳು, ತಮ್ಮ ಗುಮಾಸ್ತರೇ ಅವಳ ಮನೆಗೆ ಹೋಗಲಿ. ಜಾಗ ತೋರಿಸಲು ಮಾತ್ರ ನನ್ನನ್ನು ಕರೆಯಬೇಡಿ.

ಇಂತಿ,
ತಮ್ಮ ಕೆಲಸವನ್ನು ಒಮ್ಮೆ ಹಗುರ ಮಾಡಿಕೊಟ್ಟ ಮಾಜಿ ಪಟೇಲ,
ಡೊಂಬಯ್ಯ ಶೆಟ್ಟಿ
ವೇಣೂರು ಅಂಚೆ, ಮೇ 1963
(ತಾಲೂಕಿನ ಹೆಸರನ್ನು ತಾವೇ ತುಂಬಿಕೊಳ್ಳಬೇಕಾಗಿ ವಿನಂತಿ)