ಸೆಲ್ಮಾಳೊಳಗಿನ ಎರಡನೇ ಮಂಚ

ಲಮೀನ್,

ಬಿಜರ್ತೆಯ ಬಂದರಿನಲ್ಲಿ ನಿನ್ನ ದೋಣಿ ಸೆಲ್ಮಾಳೊಳಗೆ ಇವತ್ತು ಮೊದಲ ಸಲ ಕಾಲಿಟ್ಟೆ. ನೀನು ಬದುಕಿದ್ದಾಗ ಅವಳನ್ನು ಸವತಿ ಅಂತಲೇ ಕರೆದವಳು ನಾನು. ನನ್ನ ಅಡುಗೆಮನೆಯ ಬಾಗಿಲು ಹನ್ನೊಂದು ವರ್ಷ ಜೋತಾಡಿತು. ಅವಳದ್ದು ಒಂದು ಸ್ಕ್ರೂ ಸಡಿಲವಾಗಲೂ ನೀನು ಬಿಡಲಿಲ್ಲ. ದೋಣಿಗೆ ಬಾ ಅಂತ ನೀನು ಕರೆದಾಗಲೆಲ್ಲ ನನಗೆ ತಲೆನೋವಿನ ನೆಪ.

ಈಗ ದೋಣಿ ನಡೆಸುವ ನಮ್ಮ ಮಗಳಿಗೆ ಹಾಯಿ, ಹಗ್ಗ ಇಡಲು ಜಾಗ ಬೇಕಂತೆ. ಎರಡರಲ್ಲಿ ಒಂದು ಮಂಚ ಕಿತ್ತು ಕಪಾಟು ಮಾಡಲು ಬಡಗಿ ಮೊನ್ಸೆಫ್ ಬಂದಿದ್ದ.

"ಇದನ್ನ ತೆಗೀತೀನಿ ಅಕ್ಕಾ. ಹಾಸಿಗೆ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ. ಅಣ್ಣ ತಮ್ಮ ಮಂಚದಲ್ಲಿ ಹಗ್ಗದ ಸುರುಳಿ ಮೇಲೆ ಕಾಲು ಹಾಕಿ ಮಲಗ್ತಿದ್ರು, ಇದರ ಮೇಲೆ ಮಾತ್ರ ಏನೂ ಇಡೋಕೆ ಬಿಡ್ತಿರಲಿಲ್ಲ."

ಯಾವಳಿಗೆ ಕಾದಿರಿಸಿದ್ದೆ ಅಂತ ಹೊಟ್ಟೆ ಉರಿಯಿತು. ಅಳತೆ ನೋಡೋಣವೆಂದು ಮಲಗಿದೆ. ಗಿಡ್ಡ ಮಂಚ. ನನ್ನ ತಲೆ ಒಂದು ತುದಿಗೆ, ಹಿಮ್ಮಡಿ ಇನ್ನೊಂದಕ್ಕೆ ಸರಿಯಾಗಿ ತಾಗಿತು.

"ಇದು ನಂದು. ಅವರದ್ದನ್ನ ಕಿತ್ತುಹಾಕು," ಅಂದೆ.