ಹೆಬ್ಬೆರಳಿನ ಟೊಪ್ಪಿಗಿ

ಜುಲೈ 21, ಬೆಳಿಗ್ಗೆ

ಡಬ್ಬಿ ಎರಡೂ ರೆಡಿ. ಅವನದಕ್ಕೆ ರೊಟ್ಟಿ, ಹೆಸರುಕಾಳು ಪಲ್ಯ. ನನ್ನದಕ್ಕೂ ಅದೇ, ಶೇಂಗಾ ಚಟ್ನಿ ಮಾತ್ರ ಜಾಸ್ತಿ. ಮದುವೆಯಾಗಿ ಎರಡು ತಿಂಗಳಾದವು, ಈಗಲೂ ಯಂಕೇಶನ ಡಬ್ಬಿ ಮುಚ್ಚುವಾಗ ಒಬ್ಬಳೇ ನಗುತ್ತೇನೆ. ಅತ್ತೆ ನೋಡಿ, "ಡಬ್ಬ್ಯಾಗ ಏನ್ ಗಿಳಿ ಕುಂತೈತೇನವಾ?" ಅಂದರು. ಹೊಸಪೇಟೆಯ ಕಾನ್ವೆಂಟ್‌ನಲ್ಲಿ ಓದಿದ ಹುಡುಗಿ ಕುಷ್ಟಗಿಯಲ್ಲಿ ಹೇಗೆ ಬಾಳುತ್ತಾಳೋ ಎಂದು ಅಮ್ಮ ಅತ್ತಿದ್ದಳು. ಹೀಗೆ ಬಾಳುತ್ತಿದ್ದಾಳೆ ಅಮ್ಮಾ, ಡಬ್ಬಿ ನೋಡಿ ನಗುತ್ತ.

ಇವತ್ತು ನನ್ನ ಎಂಟನೇ ಕ್ಲಾಸಿಗೆ ದೊಡ್ಡ ದಿನ. ಕೊಪ್ಪಳದ ಟ್ರೇನಿಂಗ್‌ನಲ್ಲಿ ಕಲಿತದ್ದನ್ನು ಶುರು ಮಾಡುತ್ತೇನೆ. ಎಂಜಿನಿಯರಿಂಗ್ ಡಿಸೈನ್ ಪ್ರೊಸೆಸ್. ಅತಿಥಿ ಶಿಕ್ಷಕಿ ಎಂದರೆ ಬರೀ ಖಾಲಿ ಪೀರಿಯಡ್ ತುಂಬುವವಳಲ್ಲ ಎಂದು ಹೆಡ್‌ಮಾಸ್ಟರ್ ಪಂಪಾಪತಿ ಸರ್‌ಗೆ ತೋರಿಸಬೇಕು... ಬೈಕ್ ಹಾರ್ನ್. ಅವನೇ. ಬಂದೆ, ಬಂದೆ —

ಅದೇ ದಿನ, ಸಂಜೆ

ಬೋರ್ಡಿನ ಒಂದು ಮೂಲೆಯಲ್ಲಿ ಚಕ್ರ ಬರೆದೆ. ಕೇಳು, ಯೋಚಿಸು, ಮಾಡು, ಪರೀಕ್ಷಿಸು, ಸುಧಾರಿಸು, ಮತ್ತೆ ಕೇಳು. ಮೊದಲು ಯಾರದಾದರೂ ಒಂದು ತೊಂದರೆ ಹುಡುಕಿ, ಅವರನ್ನೇ ಕೇಳಿಕೊಂಡು ಬನ್ನಿ ಎಂದೆ. ಕಿಟಕಿ ಪಕ್ಕದ ಹೊಳಿಯಮ್ಮ ಕೈ ಎತ್ತಿದಳು.

"ತೊಂದ್ರಿ ಇದ್ದವ್ರು ನಾವ ಆಗಿದ್ರ, ಯಾರ್ನ ಕೇಳೂದ್ರಿ?"

"ನಿನ್ನನ್ನೇ ಕೇಳಿಕೋ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಬರೆದುಕೊಂಡಳು. ಎಂಥ ಕ್ಲಾಸ್. ಪ್ರೀತಿ ಉಕ್ಕುತ್ತಿದೆ.

ಜುಲೈ 24

ಒಬ್ಬನಿಗೆ ನೆಟ್‌ವರ್ಕ್ ಇಲ್ಲದ್ದೇ ತೊಂದರೆ. ಇನ್ನೊಬ್ಬಳಿಗೆ ಆಡು ಪುಸ್ತಕ ತಿನ್ನುವುದು. ಹೊಳಿಯಮ್ಮ ಎದ್ದು ನಿಂತು ತನ್ನ ಅವ್ವನ ಹೆಬ್ಬೆರಳಿನ ಬಗ್ಗೆ ಹೇಳಿದಳು.

ಅವ್ವ ಪಕ್ಕೀರವ್ವ ಬೀಜದ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮಧ್ಯಾಹ್ನ ಒಂದೊಂದೇ ಮೊಗ್ಗಿನ ಬುಡಕ್ಕೆ ಹೆಬ್ಬೆರಳಿನ ಉಗುರು ಕೊಟ್ಟು, ಎಸಳನ್ನೂ ಒಳಗಿನ ಗಂಡು ಕೇಸರವನ್ನೂ ಒಟ್ಟಿಗೆ ಸುಲಿದು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದಕ್ಕೆ ಸವರಬೇಕು. ಹಾಗೆ ಸುಲಿದು ಸುಲಿದು ಅವ್ವನ ಉಗುರು ಕೊಳೆತು ಬಿದ್ದಿದೆ. ಹೂವು ಶುರುವಾಗುವುದು ಮುಂದಿನ ತಿಂಗಳು.

"ಅವ್ವಗ ಆದ್ರ ನಾ ಸಾಲಿಗೆ ಬರ್ತೀನ್ರಿ. ಆಗಲಿಲ್ಲಂದ್ರ ಅಕಿ ಬದ್ಲಿ ನಾ ಹೊಲಕ್ಕ." ಗಣಿತದ ಉತ್ತರ ಹೇಳುವ ಹಾಗೆ ಹೇಳಿದಳು. "ನಮ್ಮಕ್ಕಂದೂ ಎಂಟನೇತ್ತಾಕ ಮುಗೀತ್ರಿ."

ಇದೇ ನಮ್ಮ ಪ್ರಾಜೆಕ್ಟ್ ಎಂದೆ. ಇಡೀ ಕ್ಲಾಸಿಗೆ. ಈ ಹುಡುಗಿಯನ್ನು ನಾನು ಬಿಟ್ಟುಕೊಡುವುದಿಲ್ಲ.

ಆಗಸ್ಟ್ 3, ಭಾನುವಾರ

ಬೈಕ್ ಮೇಲೆ ಇಟಗಿಗೆ ಹೋಗಿದ್ದೆವು. ಮಹಾದೇವ ಗುಡಿಯ ಕಂಬದ ನೆರಳಲ್ಲಿ ಕೂತು ಅವನ ಕೈ ಹಿಡಿದುಕೊಂಡಿದ್ದೆ. ಬಲಗೈ ಹೆಬ್ಬೆರಳಿನ ಉಗುರು ಸೊಟ್ಟ, ಮಧ್ಯದಲ್ಲಿ ಏಣು. ಅದೂ ಎಷ್ಟು ಮುದ್ದು. ದಾರಿಯಲ್ಲಿ ಅವನ ಕಂಪನಿಯ ಪ್ಲಾಟಿನಿಂದ ಒಂದು ಹತ್ತಿ ಹೂವು ಕಿತ್ತು ನನ್ನ ಜಡೆಗೆ ಸಿಕ್ಕಿಸಿದ. ತಿಳಿ ಹಳದಿ.

"ನಾಳಿಗೆ ಕೆಂಪಾಗತೈತಿ ನೋಡು, ನಿನ್ನಂಗ."

ಬೀಜದ ಕಂಪನಿಗೆ ಫೀಲ್ಡ್ ಆರ್ಗನೈಸರ್ ಅವನು. ರೈತರಿಗೆ ಬೀಜ ಕೊಡುವುದು, ಕ್ರಾಸಿಂಗ್ ಮಾಡಿಸುವುದು, ಬೆಳೆದ ಬೀಜ ಎತ್ತುವುದು. ನಮ್ಮ ಪ್ರಾಜೆಕ್ಟ್ ಇನ್ನೂ ಹೇಳಿಲ್ಲ. ಸರ್‌ಪ್ರೈಸ್.

ಆಗಸ್ಟ್ 9

ಹೆಬ್ಬೆರಳಿಗೆ ಹಾಕಿಕೊಳ್ಳುವ ಸುಳ್ಳು ಉಗುರು ಮಾಡುತ್ತಿದ್ದೇವೆ. ಮೊದಲನೆಯದು ಸೈಕಲ್ ಟ್ಯೂಬಿನ ತುಂಡಿಗೆ ಡಬ್ಬಿಯ ತಗಡು. ಮೊಗ್ಗಿನೊಳಗಿನ ಎಳೆ ಕಾಯಿಯನ್ನೇ ಕತ್ತರಿಸಿತು. "ಹೂವ ಸತ್ತೀತ್ರಿ," ಎಂದಳು ಹೊಳಿಯಮ್ಮ. ಎರಡನೆಯದು ಬಳೆ ಚೂರು. ಮುರಿಯಿತು. ಸೋತರೆ ಬೇಜಾರಿಲ್ಲ, ಸೋಲೂ ಒಂದು ಉತ್ತರ ಎಂದೆ. ಅವಳಿಗೆ ಈ ಮಾತು ಭಾರೀ ಹಿಡಿಸಿತು, ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಮೂರನೆಯದಕ್ಕೆ ಹಳೇ ಬಾಚಣಿಕೆಯ ಹಲ್ಲು. ಬಾವಿಕಟ್ಟೆಯ ಕಲ್ಲಿಗೆ ತಿಕ್ಕಿ ತಿಕ್ಕಿ ಉಗುರಿನ ಹಾಗೆ ಬಾಗಿಸಿದ್ದಾಳೆ.

ಆಗಸ್ಟ್ 14

ಆಯಿತು. ಆಯಿತು. ಆಯಿತು.

ಪಕ್ಕೀರವ್ವ ಶಾಲೆಗೇ ಬಂದಿದ್ದಳು. ಟೊಪ್ಪಿಗಿ ಹಾಕಿಕೊಂಡಳು. (ಮಕ್ಕಳಿಟ್ಟ ಹೆಸರು.) ಬುಟ್ಟಿಯಿಂದ ಒಂದು ಮೊಗ್ಗು ತೆಗೆದು ಒತ್ತಿ ತಿರುಗಿಸಿದಳು. ಎಸಳು, ಕೇಸರ ಎಲ್ಲ ಒಂದೇ ಸಲ ಬಂತು, ಕಾಯಿಗೆ ಒಂದು ಗೀರೂ ಇಲ್ಲ.

"ನೋವ್ ಇಲ್ಲೇನಬೇ?" ಎಂದಳು ಮಗಳು.

"ಇಲ್ಲಬಿಡು. ಸತ್ತ ಉಗುರು ಹೊಳ್ಳಿ ಬಂದಂಗಾತು." ಆಮೇಲೆ ಪಂಪಾಪತಿ ಸರ್ ಕಡೆ ತಿರುಗಿ, "ನಿಮ್ ಸಾಲ್ಯಾಗ ಈ ವರ್ಷ ಏನರ ಕಲಸ್ಯಾರ ನೋಡ್ರಿ ಸರ," ಎಂದಳು. ಸರ್ ಕೂಡ ನಕ್ಕುಬಿಟ್ಟರು.

ಹೊಳಿಯಮ್ಮ ಶಾಲೆಗೆ ಉಳಿದಳು. ನನಗೆ ಕುಣಿಯಬೇಕೆನಿಸುತ್ತಿದೆ.

ಸಂಜೆ ಯಂಕೇಶನಿಗೆ ವಿಡಿಯೋ ತೋರಿಸಿದೆ. ಟೀ ಕೆಳಗಿಟ್ಟ. "ಇನ್ನೊಮ್ಮೆ ಹಾಕು." ಮತ್ತೆ ನೋಡಿದ. "ಎಂಥ ತಲಿ ಐತಿ ನಿಂದು, ಮಾರಾಯ್ತಿ." ಟೊಪ್ಪಿಗಿ ಒಂದು ಬೇಕು ಅಂದ. ಕೊಟ್ಟೆ. ಮಕ್ಕಳ ಕೆಲಸಕ್ಕೆ ಸಿಕ್ಕ ಅತಿ ದೊಡ್ಡ ಪ್ರೈಜ್ ಅನ್ನಿಸಿತು. ಅವನ ಕಣ್ಣಲ್ಲಿ ಆ ಬೆಳಕು ನಾನು ತರಿಸಿದ್ದು...

ಸೆಪ್ಟೆಂಬರ್ 1

ಬರೆಯಲಾಗಿರಲಿಲ್ಲ. ಹಬ್ಬ, ನೆಂಟರು, ಕಡುಬು.

ರಜೆ ಮುಗಿಸಿ ಹೋದರೆ ಕ್ಲಾಸಿನಲ್ಲಿ ಮುಂದಿನ ಬೆಂಚು ಮಾತ್ರ ತುಂಬಿತ್ತು. ಹೊಳಿಯಮ್ಮ ಇಲ್ಲ. ಜ್ವರ ಇರಬೇಕು ಅಂದುಕೊಂಡೆ. ಪಕ್ಕದ ಐದನೇ ಕ್ಲಾಸೂ ಖಾಲಿ. ಪಂಪಾಪತಿ ಸರ್ ಬಾಗಿಲಲ್ಲಿ ನಿಂತು ಚಾಕ್‌ಪೀಸ್ ಮುರಿಯುತ್ತಿದ್ದರು.

"ಕ್ರಾಸಿಂಗ್ ಹಂಗಾಮ್ರಿ ಮೇಡಂ. ದೊಡ್ಡ ಹುಡುಗ್ಯಾರು ಪ್ರತಿ ವರ್ಷ ಹೋಗ್ತಾರ. ಆದ್ರ ಈ ಸಣ್ಣವು ಹೋಗತಿದ್ದಿಲ್ಲ. ಇವುಗಳ ಉಗುರು ಮೆತ್ತಗ, ಮೊಗ್ಗು ಸುಲಿಯಾಕ ಬರತಿದ್ದಿಲ್ಲ."

ನನ್ನ ಮುಖ ನೋಡಿದರು. "ಈ ವರ್ಷ ಬರತೈತಿ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 2

ಹೊಲಕ್ಕೆ ಹೋಗಿದ್ದೆ.

ಹತ್ತಿ ಗಿಡ ಮಕ್ಕಳ ಎದೆಮಟ್ಟ. ದೂರದಿಂದ ತಲೆಗಳಷ್ಟೇ ಕಾಣುತ್ತಿದ್ದವು. ಎಲ್ಲರ ಹೆಬ್ಬೆರಳಿಗೂ ನೀಲಿ ಪ್ಲಾಸ್ಟಿಕ್ ಟೊಪ್ಪಿಗಿ. ಟ್ಯೂಬು, ಬಾಚಣಿಕೆ ಅಲ್ಲ. ಎಲ್ಲೋ ಅಚ್ಚು ಹಾಕಿಸಿದ್ದು, ನೀಟಾಗಿ. ಸಾಲಿನ ನಡುವೆ ಹೊಳಿಯಮ್ಮ, ಸುತ್ತ ಐದನೇ ಕ್ಲಾಸಿನ ಮಕ್ಕಳು. ಪಾಠ ಮಾಡುತ್ತಿದ್ದಳು. ನನ್ನ ಹಾಗೆಯೇ ಒಂದು ಕೈ ಸೊಂಟದ ಮೇಲೆ.

"ಮೊದ್ಲ ಮೊಗ್ಗ ನೋಡ್ರಿ. ಆಮ್ಯಾಲ ಒತ್ರಿ. ಕೆಟ್ರ ಅಂಜಬ್ಯಾಡ್ರಿ, ಸೋಲೂ ಒಂದು ಉತ್ತರ."

ನನ್ನನ್ನು ಕಂಡು ಓಡಿ ಬಂದಳು. "ಮೇಡಂ, ನನ್ನ ಲೀಡರ್ ಮಾಡ್ಯಾರ್ರಿ. ಸಣ್ಣವ್ರಿಗಿ ಕಲಸೂದು ನಂದ."

"ಅವ್ವನಿಗೆ ಬೆರಳು ಸರಿಹೋಯಿತಲ್ಲ, ನೀನ್ಯಾಕೆ ಬಂದೆ?"

ಪಕ್ಕದ ಸಾಲಿನಿಂದ ಪಕ್ಕೀರವ್ವ ತಲೆ ಎತ್ತಿದಳು. "ಮೊದ್ಲ ಒಬ್ರ ಬರತಿದ್ವಿ, ಈಗ ಇಬ್ರೂ ಬರ್ತೀವ್ರಿ. ನಿಮ್ಮ ಪುಣ್ಯೇವು."

ಸಾಲುಗಳಲ್ಲಿ ನಿನ್ನೆಯ ಹೂವು ಕೆಂಪಾಗಿ ಉದುರಿ ಬಿದ್ದಿದ್ದವು. ತುಳಿಯದೆ ನಡೆಯಲು ಜಾಗವೇ ಇರಲಿಲ್ಲ.

ಸಂಜೆ

ಅವನು ಬೂಟು ಬಿಚ್ಚುವ ಮೊದಲೇ ಕೇಳಿದೆ.

"ಐದನೇ ಕ್ಲಾಸಿನ ಮಕ್ಕಳು, ಯಂಕೇಶ."

"ನಾ ಏನ್ ಕರ್ಯಾಕ ಹೋಗೀನೇನು? ರೈತರು ಕರ್ಕೊಂಡ್ ಬರ್ತಾರ. ಎರಡ್ ತಿಂಗಳ ಹಂಗಾಮು. ಸಾಲಿ ಎಲ್ಲಿ ಓಡಿ ಹೋಗತೈತಿ?"

"ಟೊಪ್ಪಿಗಿ ವಾಪಸ್ ತಗೋ."

ನಕ್ಕ. ಕೆಟ್ಟ ನಗುವಲ್ಲ, ನಾನು ಮದುವೆಯಾದ ನಗುವೇ. "ಹಂಚಿದ್ದು ಹ್ಯಾಂಗ್ ತಗೊಳ್ಳಿ? ಎಲ್ಲಾರ ಮುಂದ ನನ್ನ ಹೇಣ್ತಿ ತಲಿ ಅಂತ ಹೇಳೀನಿ." ಅವನು ಪಕ್ಕ ಬಂದು ಕೂತು ಬಲಗೈ ಚಾಚಿದ. "ಇಲ್ನೋಡು. ಇದ ಹ್ಯಾಂಗ್ ಸೊಟ್ಟ ಆತು ಅಂದ್ಕೊಂಡಿ? ಐದನೇತ್ತಾದಾಗಿಂದ ಸುಲದೀನಿ ನಾನೂ. ಆಗ ಟೊಪ್ಪಿಗಿ ಇದ್ದಿದ್ರ ಅಳತಿದ್ದಿಲ್ಲ. ಈಗೇನ್ ನಾ ಕೆಟ್ಟೀನೇನು?"

ಆ ಬೆರಳನ್ನು ಎಷ್ಟು ಸಲ ಹಿಡಿದಿದ್ದೇನೆ. ಹುಟ್ಟಿನಿಂದಲೇ ಹಾಗೆ ಇರಬೇಕು ಅಂದುಕೊಂಡಿದ್ದೆ. ಒಂದು ಸಲವೂ ಕೇಳಿರಲಿಲ್ಲ.

ಸೆಪ್ಟೆಂಬರ್ 9

ಡಬ್ಬಿ ಕಟ್ಟಿದೆ. ಮುಚ್ಚಿದೆ. ಅತ್ತೆ, "ಗಿಳಿ ಹಾರಿ ಹೋತೇನು?" ಅಂದರು. ಹೂಂ ಅಂದೆ.

ಅವನು ಎಂದಿನಂತೆಯೇ ಇದ್ದಾನೆ, ಅದೇ ಕಷ್ಟ. ಮಲ್ಲಿಗೆ ತರುತ್ತಾನೆ. ಬೆನ್ನು ಮಾಡಿ ಮಲಗಿದರೆ ಹೊದಿಕೆ ಸರಿಮಾಡುತ್ತಾನೆ. ದ್ವೇಷ ಮಾಡಲು ನೋಡಿದೆ, ಬರಲಿಲ್ಲ.

ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ ನಂಬರ್ ಬರೆದಿದೆ. ಜೂನ್‌ನಿಂದ ದಿನಾ ಅದರ ಮುಂದೆಯೇ ನಡೆದಿದ್ದೇನೆ. ಬೋರ್ಡಿನ ಮೂಲೆಯಲ್ಲಿ ನನ್ನ ಚಕ್ರ ಇನ್ನೂ ಇದೆ, ಯಾರೂ ಒರೆಸಿಲ್ಲ. ಮತ್ತೆ ಕೇಳು ಎಂದು ಬರೆದವಳು ನಾನೇ. ಈ ಟೊಪ್ಪಿಗಿಯನ್ನು ಇನ್ಯಾರು ಹಾಕಿಕೊಳ್ಳುತ್ತಾರೆ ಎಂದು ಮಾತ್ರ ಕೇಳಲಿಲ್ಲ.

ಆ ನಂಬರಿಗೆ ನೀವೇ ಫೋನ್ ಮಾಡಿ ಎಂದು ಪಂಪಾಪತಿ ಸರ್‌ಗೆ ಹೇಳಿದೆ. "ನಾನು ಹಿಂದಕ ಒಮ್ಮೆ ಮಾಡಿದ್ದೆರಿ," ಎಂದರು. "ಆಫೀಸರ್ ಬಂದು ಕೇಳಿದ್ರ ರೈತರು ಆರ್ಗನೈಸರ್ ಹೆಸರು ಹೇಳಲಿಲ್ಲ. ಯಾರೂ ಹೇಳೂದಿಲ್ರಿ."

ನನಗೆ ಗೊತ್ತಿದೆ, ಆ ಹೆಸರು. ಮನೆಯಲ್ಲೇ ಇದೆ.

ಸೆಪ್ಟೆಂಬರ್ 14, ಭಾನುವಾರ — ಮಧ್ಯಾಹ್ನ

ಹೊಳಿಯಮ್ಮ ಬಂದಿದ್ದಳು. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು. ಸೆರಗಿಲ್ಲದ ಮಗು, ದುಪಟ್ಟಾದ ತುದಿಗೆ ಏನೋ ಗಂಟು ಕಟ್ಟಿಕೊಂಡಿದ್ದಳು.

"ಮೇಡಂ, ಸುಧಾರಿಸೀನ್ರಿ."

ಬಿಚ್ಚಿದಳು. ಒಂದು ಟೊಪ್ಪಿಗಿ. ತೀರಾ ಪುಟ್ಟದು. ನನ್ನ ಕಿರುಬೆರಳಿಗೆ ಹಾಕಿ ನೋಡಿದೆ, ಹೋಗಲಿಲ್ಲ.

"ಯಾರಿಗೆ?"

"ನಮ್ ತಂಗಿ ಕಳಕಮ್ಮಗ. ಎರಡನೇತ್ತಾ. ನೀಲಿವು ಅಕಿಗಿ ದೊಡ್ಡವಾಗಿ ಉಚ್ಚಿ ಬೀಳ್ತಾವ್ರಿ. ಕೇಳಿನ್ರಿ ಮೊದ್ಲ ಅಕಿನ್ನ, ಎಲ್ಲಿ ಚುಚ್ಚತೈತಿ ಅಂತ. ಅಳತಿ ತಗೊಂಡ್ ಮಾಡೀನಿ."

ಎಲ್ಲ ಹೆಜ್ಜೆಯೂ ಸರಿ. ಒಂದೂ ಬಿಟ್ಟಿಲ್ಲ. ಕಾಯುತ್ತಿದ್ದಳು, ನಾನು ಏನನ್ನುತ್ತೇನೋ ಎಂದು. ಅವಳ ಹೆಬ್ಬೆರಳಿನ ಸುತ್ತ ಕೀವು ಕಟ್ಟಿತ್ತು.

"ಛಲೋ ಮಾಡೀ," ಎಂದೆ. ಅಷ್ಟೇ ಬಂತು ಬಾಯಿಗೆ. ಬೆರಳಿಗೆ ಅರಿಶಿನ ಎಣ್ಣೆ ಹಚ್ಚಿದೆ. ಟೊಪ್ಪಿಗಿ ನನ್ನ ಹತ್ತಿರ ಇರಲಿ ಎಂದೆ.

"ಇರ್ಲಿರಿ. ಅಳತಿ ಗೊತ್ತೈತಿ, ಇನ್ನೊಂದ್ ಮಾಡ್ತೀನಿ."

ಹೋದಳು. ಬಚ್ಚಲಲ್ಲಿ ಯಂಕೇಶ ಹಾಡುತ್ತಿದ್ದಾನೆ. ಸಂಜೆ ಹೇಮಗುಡ್ಡದ ಗುಡಿಗೆ ಹೋಗೋಣ, ಹಸಿರು ಸೀರೆ ಉಡು ಎಂದಿದ್ದಾನೆ. ಸೀರೆ ಹಾಸಿಗೆಯ ಮೇಲಿದೆ, ಅದರ ಮೇಲೆ ಫೋನ್. ಶಾಲೆಯ ಗೋಡೆಯ ಮೇಲಿನ ನಂಬರ್ ಒತ್ತಿಟ್ಟಿದ್ದೇನೆ, ಹಸಿರು ಬಟನ್ ಒಂದು ಬಾಕಿ. ದನಿ ನಡುಗಬಾರದು, ಅದಕ್ಕೆ ಇಲ್ಲಿ ಬರೆದು ಪ್ರಾಕ್ಟೀಸ್. ಶಾಲೆ ಯಾವುದು ಎಂದು ಕೇಳುತ್ತಾರೆ, ಹೇಳುತ್ತೇನೆ. ಹೊಲ ಯಾವುದು, ಹೇಳುತ್ತೇನೆ. ಮಕ್ಕಳ ಕೈಗೆ ಟೊಪ್ಪಿಗಿ ಕೊಟ್ಟವರು ಯಾರು ಎಂದು ಕೇಳಿದರೆ... ನನ್ನ ಗಂಡ, ಮತ್ತು